ಖಾಲಿ ಬಾಟಲಿಯ ಅನಿಲ

ಮಾರ್ಚ್ ೧೨, ೧೯೮೫, ಮಂಗಳವಾರ. ಪಾಲೋ ಆಲ್ಟೋ

ಬೆಳಿಗ್ಗೆ ಲ್ಯಾಬಿನಲ್ಲಿ ಪಾಚಿಯನ್ನೇ ಇಡದ ಬಾಟಲಿಯಲ್ಲೂ ಎಥಿಲೀನ್ ಸಿಕ್ಕಿತು. ಮೂರು ಸಲ ನೋಡಿದೆ. ಅನಿಲ ಬರುತ್ತಿರುವುದು ರಬ್ಬರ್ ಮುಚ್ಚಳದಿಂದ. ಖಾಲಿ ಬಾಟಲಿ ಪರೀಕ್ಷಿಸಬೇಕೆಂದು ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ.

ಹಣ್ಣು ಮಾಗಿಸುವ ಈ ಅನಿಲವನ್ನು, ಭೂಮಿಯ ಮೇಲೆ ಹೂವು ಹಣ್ಣು ಹುಟ್ಟುವುದಕ್ಕೂ ಕೋಟಿಗಟ್ಟಲೆ ವರ್ಷ ಮೊದಲೇ ಪಾಚಿ ಸಂದೇಶಕ್ಕೆ ಬಳಸುತ್ತಿತ್ತು ಎಂಬುದೇ ನನ್ನ ಗೆಳತಿ ವಸುಧಾಳ ಪಿಎಚ್‌.ಡಿ. ನಾಲ್ಕು ವರ್ಷದ ಕೆಲಸ. ಶುಕ್ರವಾರ ಅವಳ ವೈವಾ. ಅದಕ್ಕೆ ಅನಿಲದ ಅಳತೆ ಮಾಡಿಕೊಟ್ಟವಳು ನಾನು.

ಊಟದ ಹೊತ್ತಿಗೆ ಅವಳಿಗೆ ಹೇಳಿದೆ. ಬೆಳಗಿನ ಅಳತೆಯ ಚಾರ್ಟನ್ನು ನನ್ನ ಕೈಯಿಂದ ಕಿತ್ತುಕೊಂಡಳು.

“ಪ್ರೊಫೆಸರಿಗೆ ಹೇಳಿದ್ಯಾ?”

“ಇಲ್ಲ. ಮೊದಲು ನಿನಗೇ.”

“ಶುಕ್ರವಾರದ ತನಕ ಸುಮ್ನಿರೋಕಾಗಲ್ವಾ, ಶೈಲಜಾ?”

“ಆಗಲ್ಲ ಕಣೇ.”

ಮಧ್ಯಾಹ್ನವೆಲ್ಲ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಐದು ಗಂಟೆಗೆ ಆ ಚಾರ್ಟು ಹಿಡಿದು ತಾನೇ ಪ್ರೊಫೆಸರ ಕೋಣೆಗೆ ಹೋದಳು. ಮುಚ್ಚಿದ ಬಾಗಿಲ ಹೊರಗೆ ಅರ್ಧ ಗಂಟೆ ನಿಂತಿದ್ದೆ.

ವೈವಾ ಮುಂದಕ್ಕೆ ಹೋಯಿತು. ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಕಾರಿನಲ್ಲಿ ಅವಳನ್ನು ಮನೆಗೆ ಬಿಟ್ಟೆ. ಇಳಿಯುವಾಗ, “ಗಾಜಿನ ಮುಚ್ಚಳ ಸಿಗುತ್ತೇನೇ?” ಎಂದಳು.

ಸಿಗುತ್ತೆ ಎಂದೆ. ಪಾಚಿ ನಿಜವಾಗಿಯೂ ಏನನ್ನೂ ಬಿಡುತ್ತಿಲ್ಲವಾದರೆ ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ.