ನೀರುನಾಯಿ ಬಿಲಗಳ ನಕ್ಷೆ

ಮಾರ್ಚ್ 3

ಬೆಳಗ್ಗೆಯಿಂದ ಕಪ್ಪೆಗಳ ದಾಖಲೆಗಳ ಜೊತೆ ಏಗಿದ್ದೇ ಆಯಿತು. ಒಂದೇ ಕಪ್ಪೆಗೆ ಮೂರು ಸ್ಪೆಲಿಂಗ್. ಇನ್ನೊಂದನ್ನು ಯಾರೋ ಪುಣ್ಯಾತ್ಮರು ನಡುಸಮುದ್ರದಲ್ಲಿ ಕೂರಿಸಿದ್ದಾರೆ — ಅಕ್ಷಾಂಶ, ರೇಖಾಂಶ ಅದಲುಬದಲು. “ದಿನವಿಡೀ ಇದೇನಾ ನಿನ್ನ ಕೆಲಸ?” ಅಂತ ಗಂಡ ಕೇಳುತ್ತಾನೆ. ಇದೇ. ಕಾಡಲ್ಲಿ ಕಂಡದ್ದು ಡೇಟಾಬೇಸಿಗೆ, ಅಲ್ಲಿಂದ ನಕ್ಷೆಗೆ, ನಕ್ಷೆಯಿಂದ ಸರ್ಕಾರದ ಮೇಜಿಗೆ. ಮಧ್ಯೆ ನಾನು.

ಮಧ್ಯಾಹ್ನ ಮೀಸೆ ಬಂದ. ನಮ್ಮ ಫೀಲ್ಡ್ ಸರ್ವೇಯವನು; ಆ ಮೀಸೆ ನೋಡಿದವರು ಬೇರೆ ಹೆಸರು ಕೇಳುವುದಿಲ್ಲ. ವರ್ಷವಿಡೀ ನದಿ ದಂಡೆ ಅಲೆದು ನೀರುನಾಯಿಗಳ ಬಿಲ ಗುರುತಿಸಿದ್ದಾನೆ. ಅದೇ ದಂಡೆಯಲ್ಲಿ ಮರಳು ತೆಗೆಯಲು ಗುತ್ತಿಗೆದಾರನೊಬ್ಬ ಪರವಾನಗಿ ಕೇಳಿದ್ದಾನೆ. ತಿಂಗಳ ಕೊನೆಗೆ ಸಮಿತಿ ಕೂರುತ್ತದೆ. ಬಿಲಗಳಿವೆ ಎಂದು ತೋರಿಸಿದರೆ ಪರವಾನಗಿ ಇಲ್ಲ.

ಮಾರ್ಚ್ 7

ನಮ್ಮ ಸಂಸ್ಥೆಯ ನಿರ್ದೇಶಕರ ಜೊತೆ ಜಟಾಪಟಿ. ಇಂಥ ಪ್ರಾಣಿಯ ನಿಖರ ಜಾಗ ಹೊರಗೆ ಕೊಡಬಾರದು, ಚುಕ್ಕೆ ಇಡದೆ ಸುಮಾರು ಪ್ರದೇಶಕ್ಕಷ್ಟೇ ಬಣ್ಣ ಹಚ್ಚಿ, ಮಸುಕು ಮಾಡಿಯೇ ಕೊಡೋಣ ಅಂದೆ.

“ಸಮಿತಿ ಕೇಳ್ತಿರೋದು ಚುಕ್ಕೆಗಳನ್ನ ಕಣಮ್ಮಾ. ಮಸುಕು ನಕ್ಷೆ ಇಟ್ಕೊಂಡು ಅವರೇನು ಉಪ್ಪಿನಕಾಯಿ ಹಾಕ್ತಾರಾ? ಗೋಪ್ಯ ಅಂತ ಬರೆದು ಕಳಿಸು.”

ಕಳಿಸಿದೆ. ದಪ್ಪ ಅಕ್ಷರದಲ್ಲಿ ಬರೆದೆ. ಗೋಪ್ಯ.

ಮಾರ್ಚ್ 12

ಮೀಸೆಯ ಫೋನ್. ಮಾತಿಗಿಂತ ಮೊದಲು ಏದುಸಿರು.

“ಮೇಡಂ, ಅಗೆದುಬಿಟ್ಟಿದಾರೆ. ಎಲ್ಲಾ ಬಿಲ.”

ಹೋದೆ. ಬಿಲದ ಒಂದು ಬಾಯಿಗೆ ಹೊಗೆ ಹಾಕಿ, ಇನ್ನೊಂದರಲ್ಲಿ ರಾಡು ಹಿಡಿದು ನಿಂತಿದ್ದಿರಬೇಕು. ಹೊರಬಂದಂತೆಲ್ಲ ತಲೆಗೇ ಏಟು. ತಾಯಿಯ ದವಡೆ ಒಡೆದು ಹಲ್ಲುಗಳು ಮರಳಲ್ಲಿ... ಮರಿಗಳಿಗೆ ರಾಡೂ ಬೇಕಾಗಿಲ್ಲ. ಬೆನ್ನಿನ ಮೇಲೆ ಬೂಟಿನ ಅಚ್ಚು. ಅಲ್ಲಿಲ್ಲಿ ಹುಡುಕಾಡಿದ ಗುರುತೇ ಇಲ್ಲ. ನೇರ ಬಂದು ಅಗೆದಿದ್ದಾರೆ.

ಮೀಸೆ ಹೆಣಗಳನ್ನು ಅಳೆದ, ಫೋಟೊ ತೆಗೆದ. ಕಣ್ಣು ಒರೆಸಿಕೊಳ್ಳಲಿಲ್ಲ, ಸುರಿಯಲು ಬಿಟ್ಟ.

“ಬರ್ಕೊಳಿ ಮೇಡಂ. ಸತ್ತಿದ್ರೂ ದಾಖಲೆ ದಾಖಲೇನೇ.”

ಬರೆದುಕೊಂಡೆ. ಸ್ಥಿತಿ: ಸತ್ತಿದೆ. ಸತ್ತಿದೆ. ಸತ್ತಿದೆ.

ಸೀರೆಯಿಂದ ವಾಸನೆ ಹೋಗುತ್ತಿಲ್ಲ.

ಮಾರ್ಚ್ 13

ಬಿಲವೇ ಇಲ್ಲದ ಒಂದು ಬಂಡೆಯ ಬುಡದಲ್ಲೂ ಗುಂಡಿ ತೋಡಿದ್ದಾರೆ. ಯಾಕೆ ಅಂತ ತಲೆ ಕೆರೆದುಕೊಂಡು ಸಮಿತಿಗೆ ಕಳಿಸಿದ ನಕ್ಷೆ ತೆರೆದೆ. ಅಲ್ಲೊಂದು ಚುಕ್ಕೆ. ಆ ಪ್ರತಿ ತಯಾರಿಸುವಾಗ ನಾನು ಅಂಕಿಯೊಂದನ್ನು ತಪ್ಪಾಗಿ ಒತ್ತಿದ್ದೆ. ಆ ತಪ್ಪು ಇರುವುದು ಅದರಲ್ಲಿ ಮಾತ್ರ.

ಸಮಿತಿ ಕಚೇರಿಗೆ ಫೋನ್ ಮಾಡಿದೆ. ಗುಮಾಸ್ತರು: “ಫೈಲ್ ಅಂದ್ಮೇಲೆ ನಾಲ್ಕು ಕೈ ದಾಟುತ್ತೆ ಮೇಡಂ.” ಇಟ್ಟೇಬಿಟ್ಟರು.

ನಿರ್ದೇಶಕರು ಇಡೀ ದಿನ ಕೋಣೆ ಬಿಟ್ಟು ಹೊರಬರಲಿಲ್ಲ.

ಮಾರ್ಚ್ 18, ಸಂಜೆ

 

ಊಟದ ಹೊತ್ತು. ಆಫೀಸಿನಲ್ಲಿ ನಾನು, ಮೀಸೆ ಇಬ್ಬರೇ. ಮೂವರು ನುಗ್ಗಿದರು. ಒಬ್ಬ ನಯವಾಗಿಯೇ ಕೇಳಿದ, “ಸತ್ತ ನಾಯಿಗಳ ಫೋಟೊ ಎಲ್ಲಿಟ್ಟಿದೀರಾ ಅಕ್ಕಾ?” ಮೀಸೆ ಫೋಟೊಗಳಿದ್ದ ಸರ್ವರ್ ಕಂಪ್ಯೂಟರಿಗೆ ಅಡ್ಡ ನಿಂತ. ಅವನ ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು ಸುತ್ತಿಗೆಯಿಂದ ಹೊಡೆದರು. ಎರಡನೇ ಏಟಿಗೆ ಮೂಳೆಯ ಸದ್ದು ಕೇಳಿಸಿತು. ಅವನು ಕೂಗಲಿಲ್ಲ. ಅದೇ ನನ್ನ ತಲೆ ಕೆಡಿಸಿತು.

ಗೋಡೆಯಲ್ಲಿದ್ದ ಬೆಂಕಿ ಆರಿಸುವ ಸಿಲಿಂಡರ್ ಕಿತ್ತು ಸುತ್ತಿಗೆಯವನ ಮುಖಕ್ಕೆ ಬೀಸಿದೆ. ಬಿದ್ದ. ಬಿದ್ದ ಮೇಲೂ ಹೊಡೆದೆ. ಉಳಿದಿಬ್ಬರು ಆ ಕಂಪ್ಯೂಟರನ್ನು ನೆಲಕ್ಕೆ ಕೆಡವಿ, ತುಳಿದು, ಸುತ್ತಿಗೆಯವನನ್ನು ಎಳೆದುಕೊಂಡು ಓಡಿದರು. ಎಲ್ಲದರ ಪ್ರತಿ ಬೇರೆ ಊರಲ್ಲಿದೆ. ಅಷ್ಟೂ ತಿಳಿಯದ ದಡ್ಡರು.

ಮನೆಗೆ ಬಂದ ಮೇಲೆ ಗಂಡ ನನ್ನ ಕೈ ತೊಳೆದ. ಉಗುರಿನ ಸಂದಿಯಲ್ಲೆಲ್ಲ ರಕ್ತ.

“ನಿಂದಾ?”

“ಅಲ್ಲ.”

ಒಳಗೆ ಹಾಯೆನಿಸುತ್ತಿತ್ತು. ಅದನ್ನು ಅವನಿಗೆ ಹೇಳಲಿಲ್ಲ.

ಮಾರ್ಚ್ 29

ಸಮಿತಿ. ಗುತ್ತಿಗೆದಾರನ ವಕೀಲರು ಎದ್ದರು. “ಇವತ್ತು ಆ ದಂಡೆಲಿ ನೀರುನಾಯಿ ಇದೆಯಾ ಮೇಡಂ? ಇದೆ ಅನ್ನಿ, ಇಲ್ಲ ಅನ್ನಿ.”

“ಇಲ್ಲ.”

“ಮತ್ತೆ ಅಡ್ಡಿ ಏನು?”

ಪರದೆಗೆ ಹಾಕಿದೆ. ಒಂದು ವರ್ಷದ ಹಸಿರು ಚುಕ್ಕೆಗಳು. ಅವುಗಳ ಮೇಲೆ ಒಂದೇ ದಿನದ ಕೆಂಪು. ಫೋಟೊಗಳು. ಕೊನೆಗೆ ಆ ಬಂಡೆ, ಅದರ ಬುಡದ ಗುಂಡಿ. “ಇಲ್ಲಿ ಬಿಲ ಇರಲೇ ಇಲ್ಲ. ಇದು ನನ್ನ ಟೈಪಿಂಗ್ ತಪ್ಪು. ಸಮಿತಿಯ ಕಚೇರಿಗೆ ಬಂದ ನಕ್ಷೆಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ.”

ಅಧ್ಯಕ್ಷೆ ಕನ್ನಡಕ ತೆಗೆದಿಟ್ಟರು. ವಕೀಲರು ಕೂತರು.

ಪರವಾನಗಿ ತಿರಸ್ಕಾರ. ಸೋರಿಕೆಗೆ ತನಿಖೆ. ಗೆದ್ದೆವು — ಖಾಲಿ ದಂಡೆಯನ್ನು.

ಏಪ್ರಿಲ್ 20

ಸುತ್ತಿಗೆಯವನ ದವಡೆಗೆ ತಂತಿ ಬಿಗಿದಿದ್ದಾರಂತೆ. ಅವರ ಮೇಲೆ ಕೇಸು, ನನ್ನ ಮೇಲೂ ಕೇಸು.

ಮೀಸೆ ಬಂದಿದ್ದ. ಬೆರಳುಗಳು ಮಡಚುವುದಿಲ್ಲ, ಆದರೂ ನದಿಗೆ ಹೋಗುವುದು ಬಿಟ್ಟಿಲ್ಲ. ಎಡಗೈಯಲ್ಲಿ ಫೋನ್ ಚಾಚಿದ. ತುಂಬ ಮೇಲಕ್ಕೆ, ತಿರುವಿನಾಚೆ — ಹೆಜ್ಜೆ ಗುರುತು. ಮರಿಗಳದ್ದೂ.

“ಹಾಕಿ ಮೇಡಂ. ಅಲ್ಲೂ ಮರಳಿಗೆ ಅರ್ಜಿ ಬಿದ್ದಿದೆ. ದಾಖಲೆ ಇಲ್ದಿದ್ರೆ ಅವು ಇಲ್ಲ ಅಂತಾನೇ ಲೆಕ್ಕ.”

“ಹಾಕಿದ್ರೆ?”

ಅವನು ಬ್ಯಾಂಡೇಜಿನ ಕೈ ನೋಡಿಕೊಂಡ. ಫೋನ್ ಜೇಬಿಗಿಟ್ಟು ಹೊರಟ.

ಪ್ರಭೇದ ತುಂಬಿದ್ದೇನೆ. ದಿನಾಂಕ ತುಂಬಿದ್ದೇನೆ. ಸ್ಥಿತಿ: ಜೀವಂತ. ಇನ್ನು ಜಾಗವೊಂದು ಬಾಕಿ. ಬರೆದರೆ ಕಾನೂನಿನ ಕಣ್ಣಿಗೆ ಬೀಳುತ್ತವೆ. ಬರೆದರೆ ರಾಡು ಹಿಡಿದವರ ಕಣ್ಣಿಗೂ.