ಮಾಜಿ ಬೀಗಿತ್ತಿಗೆ, ಕೋಲಿಲ್ಲದ ಟೆಂಟಿನ ವರದಿ

ಜುಲೈ ೧೨, ಶುಕ್ರವಾರ

ಪ್ರೀತಿಯ ಕತ್ತರಿ,

ನಾನು ಕ್ಷೇಮ. ನೀನೂ ಕ್ಷೇಮವೆಂದು ಬಲ್ಲೆ. ನಿನ್ನ ಹೊಲಿಗೆ ಅಂಗಡಿಯ ಮುಂದೆ ನನ್ನ ಡ್ರೈವಿಂಗ್ ಶಾಲೆಯ ಕಾರು ದಿನಾ ಹಾದುಹೋಗುತ್ತದಲ್ಲ. ಮೊನ್ನೆ ನೀನು ಯಾರದೋ ಕೋಟಿನ ತೋಳನ್ನು ಹಿಡಿದು ಬೈಯುತ್ತಿದ್ದೆ. ಇಳಿದು ಬರೋಣವೆಂದು ನನ್ನ ಕಡೆಯ ಬ್ರೇಕು ಒತ್ತಿದೆ. ಕಲಿಯಲು ಬಂದಾಕೆ, “ಮೇಡಂ, ನಾನೇನು ತಪ್ಪು ಮಾಡ್ದೆ?” ಎಂದು ಕಣ್ಣೀರು ಹಾಕಿದಳು. ಕಾರು ಮುಂದೆ ಹೋಯಿತು.

ಪತ್ರ ತಡವಾಯಿತು, ಕ್ಷಮಿಸು. ಆರು ತಿಂಗಳು ಪೆನ್ನು ಸಿಗಲಿಲ್ಲ ಎಂದರೆ ನೀನು ನಂಬುವವಳಲ್ಲ. ತೊಡಕಾದದ್ದು ಮೊದಲ ಸಾಲೇ. ನಿನ್ನನ್ನು ಏನೆಂದು ಕರೆಯಲಿ? ಹಾಸ್ಟೆಲಿನಲ್ಲಿ ಗೆಳತಿಯಾಗಿದ್ದೆ. ನಿನ್ನ ಮಗ ನನ್ನ ಮಗಳನ್ನು ಮದುವೆಯಾದಾಗ ಬೀಗಿತ್ತಿಯಾಗಿ ಬಡ್ತಿ ಪಡೆದೆ. ಜನವರಿಯಲ್ಲಿ ಕೋರ್ಟು ಅವರಿಬ್ಬರನ್ನೂ ಬಿಡಿಸಿತು. ಮಾಜಿ ಮಂತ್ರಿಗಳಿದ್ದಾರೆ, ಮಾಜಿ ಸೈನಿಕರಿದ್ದಾರೆ, ಅವರಿಗೆಲ್ಲ ಪಿಂಚಣಿಯೂ ಇದೆ. ಮಾಜಿ ಬೀಗಿತ್ತಿಗೆ ಮಾತ್ರ ಏನೂ ಇಲ್ಲ, ಒಂದು ಸರಿಯಾದ ಸಂಬೋಧನೆಯೂ ಇಲ್ಲ. ಕೊನೆಗೆ ಹಳೆಯ ಕತ್ತರಿಗೇ ಬಂದು ನಿಂತೆ.

ಮುಚ್ಚುಮರೆ ಯಾಕೆ? ಈ ಪತ್ರ ಬರೆಯುತ್ತಿರುವುದು ನಿನ್ನನ್ನು ವಾಪಸು ಪಡೆಯಲು. ಮುಂದೆ ಬರುವ ಗಾಳಿ, ಮಳೆ, ಸಮುದ್ರ ಎಲ್ಲ ಅದರ ಪೀಠಿಕೆ.

ಈ ವರ್ಷದ ನಮ್ಮ ಕಡಲತೀರದ ನಡಿಗೆಗೆ ನೀನು ಗ್ರೂಪಿನಲ್ಲಿ ಹಾಕಿದ ಸಂದೇಶ: “ಬರಲಾಗುವುದಿಲ್ಲ. ಶುಭ ಪ್ರಯಾಣ.” ಶುಭ ಪ್ರಯಾಣ ಅಂತ ಬಸ್ ಟಿಕೆಟಿನ ಹಿಂದೆ ಅಚ್ಚು ಹಾಕಿರುತ್ತಾರೆ, ಕತ್ತರಿ. ಅದನ್ನು ಓದಿಯೂ ನಾವು ಮೂವರು ಬಸ್ ನಿಲ್ದಾಣದಲ್ಲಿ ಕಾದೆವು. ಹೆಡ್ ಮಿಸ್ಸು, ಅಷ್ಟೊಂದು ಮಕ್ಕಳಿಗೆ ಸತ್ಯವನ್ನೇ ನುಡಿಯಿರಿ ಎಂದು ಬೋಧಿಸಿದವಳು, ಕಂಡಕ್ಟರಿಗೆ “ನಮ್ಮವಳೊಬ್ಬಳು ಶೌಚಾಲಯಕ್ಕೆ ಹೋಗಿದ್ದಾಳೆ, ಹೊಟ್ಟೆ ಸರಿಯಿಲ್ಲ” ಎಂದು ಹೇಳಿ ಬಸ್ಸು ನಿಲ್ಲಿಸಿದಳು. ಇಡೀ ಬಸ್ಸು ನಿನ್ನ ಹೊಟ್ಟೆಗಾಗಿ ಕಾಯಿತು. ಹಿಂದಿನ ಸೀಟಿನ ಮುದುಕರೊಬ್ಬರು ಮಾತ್ರೆಯನ್ನೂ ಕೊಟ್ಟರು. ನೀನು ಬರಲಿಲ್ಲ. ಮಾತ್ರೆ ನನ್ನ ಹತ್ತಿರವಿದೆ.

ಇಳಿದ ಕೂಡಲೇ ಮಳೆ ಹಿಡಿಯಿತು. ಮಳೆ ಮೇಲಿಂದ ಬೀಳಬೇಕು ಎನ್ನುವ ಸಾಮಾನ್ಯ ಜ್ಞಾನವೂ ಆ ಮಳೆಗೆ ಇರಲಿಲ್ಲ. ಸಮುದ್ರದ ಕಡೆಯಿಂದ ಅಡ್ಡಡ್ಡ ಬಂದು, ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುತ್ತಿತ್ತು. ಹಲ್ಲಿನ ಡಾಕ್ಟರ ಹೊಸ ಛತ್ರಿ ಮೊದಲ ಗಾಳಿಗೇ ಹೂವಿನಂತೆ ಅರಳಿ, ಎರಡನೆಯದಕ್ಕೆ ಸಮುದ್ರಪಾಲಾಯಿತು. ಅವಳು ಅದಕ್ಕೆ ಕೈಬೀಸಿ ಬೀಳ್ಕೊಟ್ಟಳು. “ಹಾಫ್ ಕ್ಲಚ್ಚಲ್ಲಿ ನಡೀರೇ, ಗೇರ್ ಬದಲಾಯಿಸ್ಬೇಡಿ!” ಎಂದು ನಾನು ಮುಂದಿನಿಂದ ಕೂಗುತ್ತಿದ್ದೆ. “ನೀನು ಮೊದ್ಲು ಹಾರ್ನ್ ನಿಲ್ಸು!” ಎಂದಳು ಹೆಡ್ ಮಿಸ್ಸು. ಮರಳು ಬಾಯಿಗೆ ಬಂದು ಇಬ್ಬರೂ ಸುಮ್ಮನಾದೆವು. ಈ ವಯಸ್ಸಿನಲ್ಲಿ, ಆ ಚೀಲ ಹೊತ್ತು, ಆ ಬಂಡೆಗಳನ್ನು ನಾವು ದಾಟಿದ ಪರಿಯನ್ನು ನೋಡಲು ನೀನಿರಬೇಕಿತ್ತು. ನೋಡಿ ನಗಲು, ಎಂದರೆ ಇನ್ನೂ ಸರಿ.

ಸಂಜೆ ಮೀನುಗಾರರ ದೋಣಿ ಕೊಟ್ಟಿಗೆಯ ಪಕ್ಕ ಟೆಂಟು ಹಾಕಲು ಹೊರಟೆವು. ನಮ್ಮ ಸಂವಿಧಾನ ನಿನಗೆ ನೆನಪಿದೆ. ಮೊದಲ ನಡಿಗೆಯಲ್ಲಿ ಡಾಕ್ಟರು ಮುನಿಸಿಕೊಂಡು ಇಡೀ ಟೆಂಟಿನ ಸಮೇತ ಊರಿಗೆ ಹೋಗಿ, ನಾವು ಮೂವರು ಬಸ್ ಶೆಲ್ಟರಿನಲ್ಲಿ ಮಲಗಿದ ಮೇಲೆ ಬಂದ ಕಾನೂನು ಅದು. ಬಟ್ಟೆ ನನಗೆ, ಗೂಟ ಹಗ್ಗ ಡಾಕ್ಟರಿಗೆ, ಸ್ಟವ್ ಹೆಡ್ ಮಿಸ್ಸಿಗೆ, ಕೋಲುಗಳು ನಿನಗೆ. ಯಾರು ಜಗಳವಾಡಿ ಹೊರಟರೂ ಉಳಿದವರಿಗೆ ಸೂರಿಲ್ಲ, ಹೊರಟವಳಿಗೂ ಇಲ್ಲ.

ನಾನು ಬಟ್ಟೆ ಹರಡಿ ಕೈಚಾಚಿದೆ. “ಕೋಲು ಕೊಡ್ರೇ.”

“ನನ್ನ ಹತ್ರ ಗೂಟ,” ಎಂದಳು ಡಾಕ್ಟರು.

“ನಂದು ಸ್ಟವ್ವು. ಯಾವತ್ತಿದ್ರೂ ಸ್ಟವ್ವು,” ಎಂದಳು ಹೆಡ್ ಮಿಸ್ಸು.

“ಮತ್ತೆ ಕೋಲು?”

“ಅವಳ ಅಟ್ಟದ ಮೇಲಿರುತ್ತೆ,” ಎಂದಳು ಡಾಕ್ಟರು.

“ಅವಳು ಬರಲ್ಲ ಅಂದಿದ್ಲಲ್ಲ! ಹೋಗಿ ಇಸ್ಕೊಂಡು ಬರೋಕೆ ಏನಾಗಿತ್ತೇ ನಿಂಗೆ? ಅದೇ ಬೀದೀಲಿದೀಯ,” ಎಂದು ನಾನು ಅವಳ ಮೇಲೆ ಹರಿಹಾಯ್ದೆ.

“ಬರಲ್ಲ ಅಂದ್ಲು. ನೀನು ನಂಬಿದ್ಯಾ?”

ಯಾರೂ ನಂಬಿರಲಿಲ್ಲ, ಕತ್ತರಿ. ಒಬ್ಬಳು ಹಲ್ಲಿನ ವೈದ್ಯೆ, ಒಬ್ಬಳು ಮುಖ್ಯೋಪಾಧ್ಯಾಯಿನಿ, ಒಬ್ಬಳು ಊರಿಗೆಲ್ಲ ಬ್ರೇಕು ಹೇಳಿಕೊಡುವವಳು, ಮೂವರೂ ಒದ್ದೆ ಬಟ್ಟೆಯ ಒಂದೊಂದು ಮೂಲೆ ಹಿಡಿದು ಗಾಳಿಯಲ್ಲಿ ನಿಂತಿದ್ದೆವು. ನಾಲ್ಕನೆಯ ಮೂಲೆ ಪಟಪಟ ಎಂದು ನಮ್ಮ ಮುಖಕ್ಕೇ ಹೊಡೆಯುತ್ತಿತ್ತು.

ಬಲೆ ಹೊಲಿಯುತ್ತಿದ್ದ ಹೆಂಗಸು ಕೊಟ್ಟಿಗೆಯಿಂದ ಇಣುಕಿದಳು. “ಏನಮ್ಮಾ, ಬಟ್ಟೆ ಒಣಗಿಸ್ತಿದೀರಾ, ಈ ಮಳೇಲಿ?”

“ಟೆಂಟಮ್ಮಾ. ಕೋಲು ಸಿಟ್ಟು ಮಾಡ್ಕೊಂಡು ಮನೇಲಿದೆ,” ಎಂದಳು ಹೆಡ್ ಮಿಸ್ಸು.

ಅವಳು ನಕ್ಕು ನಕ್ಕು ನಮ್ಮನ್ನು ಒಳಗೆ ಕರೆದಳು. ಬೋರಲು ಹಾಕಿದ ದೋಣಿಯೊಂದರ ಪಕ್ಕ ಜಾಗ ಕೊಟ್ಟಳು. ಬಾಡಿಗೆಯಾಗಿ ಡಾಕ್ಟರು ಅವಳ ದವಡೆ ಹಲ್ಲು ನೋಡಿ, ಕೀಳಿಸಲೇಬೇಕು ಎಂದು ಹೆದರಿಸಿದಳು. ಮೀನಿನ ವಾಸನೆ ನನ್ನ ಕೂದಲಿನಲ್ಲಿ ಇವತ್ತಿಗೂ ಇದೆ. ಕಲಿಯಲು ಬರುವವರು ಕಿಟಕಿ ಇಳಿಸುವುದನ್ನು ತಾವಾಗಿಯೇ ಕಲಿತಿದ್ದಾರೆ.

ಅಲ್ಲಿ ಬಿಸಿ ಸೂಪು ಕುಡಿಯುತ್ತ ಡಾಕ್ಟರು ಮೆಲ್ಲಗೆ ಬಾಣ ಬಿಟ್ಟಳು. “ಅಂಗಡೀಲಿ ಮೂವರ ಟೆಂಟು ನೋಡಿದೀನಿ. ಹಗುರ. ಒಬ್ಬರೇ ಹೊರಬಹುದು.” ನಾನು ಸೂಪನ್ನು ಊದತೊಡಗಿದೆ. ಅವಳೇ ಮುಂದುವರಿಸಿದಳು: “ನಿಮ್ಮಿಬ್ಬರ ಮಧ್ಯೆ ಎಷ್ಟು ದಿನ ನ್ಯೂಟ್ರಲ್ಲಲ್ಲಿ ನಿಲ್ಲೋದೇ? ನಿಂಗೆ ಫೋನ್ ಮಾಡಿದ್ರೆ ಅವಳಿಗೂ ಅಷ್ಟೇ ಹೊತ್ತು ಮಾಡ್ಬೇಕು. ಸಾಕಾಗಿದೆ. ಮುಂದಿನ ವರ್ಷದೊಳಗೆ ಅವಳು ಬರದಿದ್ರೆ ನಾನು ಅದನ್ನ ಕೊಳ್ಳೋದೇ.”

ಹೆಡ್ ಮಿಸ್ಸು ಕೈ ಎತ್ತಿ ಒಪ್ಪಿಗೆ ಕೊಟ್ಟಳು. ನಾನು ವೀಟೋ ಹಾಕಿದೆ. ನಮ್ಮ ಸಂವಿಧಾನದಲ್ಲಿ ವೀಟೋ ಇಲ್ಲವಂತೆ. ಇಲ್ಲದಿದ್ದರೆ ಇವತ್ತಿಂದ ಇದೆ ಎಂದು ಮುಸುಕು ಎಳೆದೆ.

ಇನ್ನೊಂದು ಸುದ್ದಿ. ಮರಳಿ ಬಂದಾಗ ನಿಲ್ದಾಣಕ್ಕೆ ಮಗಳು ಬಂದಿದ್ದಳು. ಕಾರು ಓಡಿಸುತ್ತಿದ್ದವನು ಯಾರು ಗೊತ್ತೇ? ನಿನ್ನ ಮಗ! ಅವಳ ಕಾರು ರಿಪೇರಿಗೆ ಹೋಗಿತ್ತಂತೆ. ನನ್ನ ಚೀಲ ಇಸಕೊಂಡು “ಕೊಡಿ ಅತ್ತೆ” ಎಂದ, ನಾಲಗೆ ಕಚ್ಚಿಕೊಂಡು “ಆಂಟಿ” ಎಂದ, ಆಮೇಲೆ “ಅತ್ತೇನೇ ಇರ್ಲಿ, ಬಾಯಿಗೆ ಅದೇ ಬರುತ್ತೆ” ಎಂದ. ದಾರಿಯುದ್ದಕ್ಕೂ ಇಬ್ಬರೂ ಪಾರ್ಕಿಂಗ್ ವಿಷಯಕ್ಕೆ ನಗುನಗುತ್ತ ಕಿತ್ತಾಡಿದರು. ಗಂಡ ಹೆಂಡತಿಯಾಗಿದ್ದಾಗ ಇಷ್ಟು ಚೆನ್ನಾಗಿ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಮತ್ತೆ ಸೇರುತ್ತಾರೆ ಎಂದು ಆಸೆಪಡಬೇಡ, ಕೇಳಿದೆ, ಇಲ್ಲವಂತೆ. ಬೇರೆಯಾಗುವ ಪರೀಕ್ಷೆಯಲ್ಲಿ ಮಕ್ಕಳು ಪಾಸು. ನಮ್ಮನ್ನು ಆ ಪರೀಕ್ಷೆಗೆ ಕೂರಿ ಎಂದು ಯಾವ ಕೋರ್ಟು ಹೇಳಿತ್ತು?

ನಿನ್ನ ಅಂಗಡಿ ಗಿರಾಕಿಗಳಿಂದ ತುಂಬಿರಲಿ, ನಿನ್ನ ಯಜಮಾನರ ಬೆನ್ನುನೋವು ಬೇಗ ಇಳಿಯಲಿ, ನಿನ್ನ ಮಗನಿಗೆ ಎಲ್ಲ ಒಳ್ಳೆಯದಾಗಲಿ. ಇದನ್ನು ಅವನ ಅತ್ತೆಯಾಗಿಯೇ ಹಾರೈಸುತ್ತಿದ್ದೇನೆ.

ಇಂತು ನಿನ್ನ,
ಕ್ಲಚ್ಚು

ತಾ.ಕ.: ಇಷ್ಟು ದಿನ ನನ್ನನ್ನು ಸುಟ್ಟದ್ದು ಮಕ್ಕಳ ವಿಷಯವಲ್ಲ, ಕತ್ತರಿ. ಆವತ್ತು ಎಲ್ಲ ಮುಗಿದ ಮೇಲೆ ಕೋರ್ಟಿನ ಮೆಟ್ಟಿಲ ಮೇಲೆ ಟೀ ಕುಡಿಯೋಣ ಬಾ ಎಂದು ಕರೆಯಲು ಬಂದೆ. ನೀನು ಕೈಚೀಲದಲ್ಲಿ ಏನೋ ಹುಡುಕುತ್ತ, ತಲೆ ಎತ್ತದೆ, “ನೀವು ಹೊರಡಿ,” ಎಂದೆ. ನನ್ನ ಹಿಂದೆ ಇನ್ಯಾರೋ ಇದ್ದಾರೇನೋ ಎಂದು ತಿರುಗಿ ನೋಡಿದೆ. ಗೋಡೆ ಇತ್ತು. ಹಾಸ್ಟೆಲಿನ ದಿನದಿಂದ ನೀನು ನನಗೆ ಕೋತಿ ಎಂದಿದ್ದೀಯ, ಕತ್ತೆ ಎಂದಿದ್ದೀಯ, ಒಮ್ಮೆ ಚಪ್ಪಲಿ ಎಸೆದಿದ್ದೀಯ, ಯಾವುದೂ ತಾಗಿರಲಿಲ್ಲ. ಮಗಳನ್ನು ನೆಟ್ಟಗೆ ಬೆಳೆಸಲಿಲ್ಲ ಎಂದು ಬೈಯುವುದಿದ್ದರೆ ಬಾ, ಮನೆ ಬಾಗಿಲಿಗೇ ಬಂದು ಬೈ, ಬೀದಿಯವರೆಲ್ಲ ಕೇಳಲಿ. ಆದರೆ ಏಕವಚನದಲ್ಲಿ ಬೈ.