ಬಿಸಿ ಆರುವ ಮುನ್ನ

ಪೂಜ್ಯ ಗುರುಗಳಿಗೆ,

ಹೊಸ ಯಂತ್ರಕ್ಕೆ ಅರ್ಜಿ ಬರೆ ಎಂದಿದ್ದಿರಿ. ಬರೆದಿಲ್ಲ. ಹಳೆಯದೇ ಗಟ್ಟಿಯಾಗಿದೆ.

ನಮ್ಮ ಕ್ವಾಂಟಮ್ ಚಿಪ್‌ಗಳಲ್ಲಿ ಸಂಕೇತ ಬೇಗ ಸಾಯುತ್ತಿದ್ದ ಕಾರಣ ಸಿಕ್ಕಿತು. ಯಂತ್ರದೊಳಗೆ ಚಿಪ್ ಮೇಲೆ ಕೂರಿಸಿದ ಅತಿವಾಹಕ ಲೋಹದ ಪದರದ ಬಿಸಿ ಆರುವ ಮೊದಲೇ ಯಾರೋ ಯಂತ್ರದ ಬಾಗಿಲು ತೆರೆಯುತ್ತಿದ್ದರು. ಬಿಸಿ ಲೋಹಕ್ಕೆ ಗಾಳಿ ತಾಗಿದರೆ ದಪ್ಪ ಕಿಲುಬು ಕಟ್ಟುತ್ತದೆ. ಸಂಕೇತವನ್ನು ನುಂಗುವುದು ಅದೇ. ನೀವು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿದ್ದ ವಾರ ತಯಾರಾದ ಚಿಪ್‌ಗಳಲ್ಲಿ ಸಂಕೇತ ಎರಡು ಪಟ್ಟು ಹೊತ್ತು ಉಳಿಯಿತು.

ಯಾರೆಂದು ನಾನು ವಿಚಾರಿಸಲು ಹೋಗಿಲ್ಲ. ಯಂತ್ರ ನೋಡಿಕೊಳ್ಳುವ ಅಕ್ಕ ಮಾತ್ರ, "ಒಲೆ ಮೇಲಿರೋ ಪಾತ್ರೆ ಮುಚ್ಚಳ ತೆಗೆದು ತೆಗೆದು ನೋಡೋರು ಪ್ರತಿ ಮನೇಲೂ ಒಬ್ರು ಇರ್ತಾರೆ ಬಿಡಮ್ಮ," ಎಂದು ನಕ್ಕರು.

ಯಂತ್ರದ ಗಾಜಿನ ಕಿಂಡಿ ಒರೆಸಿ, ಅದರೆದುರು ನಿಮ್ಮ ಕುರ್ಚಿ ಹಾಕಿಸಿದ್ದೇನೆ. ಬೆನ್ನಿಗೆ ದಿಂಬೂ ಇದೆ. ಎಷ್ಟು ಹೊತ್ತು ಬೇಕಾದರೂ ಕೂತು ನೋಡಿ. ಬಾಗಿಲ ಕೀಲಿಯನ್ನು ಮಾತ್ರ ದಯವಿಟ್ಟು ಅಕ್ಕನ ಕೈಯಲ್ಲಿ ಕಳಿಸಿಕೊಡಿ.

ಕೆಲಸಕ್ಕೆ ಸೇರಿದ ದಿನ ನನ್ನ ಕೈಯಿಂದ ಇಕ್ಕಳ ಕಿತ್ತುಕೊಂಡು, "ಲೋಹಕ್ಕೆ ದಾಕ್ಷಿಣ್ಯ ಗೊತ್ತಿಲ್ಲ ಕಣಮ್ಮ," ಎಂದಿದ್ದಿರಿ. ನನಗೆ ದಾಕ್ಷಿಣ್ಯ ಗೊತ್ತಿದೆ. ಅದಕ್ಕೇ ಎದುರಿಗೆ ಹೇಳದೆ ಪತ್ರ ಬರೆದೆ.

ನಿಮ್ಮ ಬೈಗುಳದಲ್ಲೇ ಕಲಿತ,
ಶಿಷ್ಯೆ